ಮುಚ್ಚಿದ ಕಿಟಕಿ, ತೂಕಡಿಸುವ ಸೊಸೆ

ಆಷಾಢದ ಗಾಳಿ ಶುರುವಾದರೆ ನೀವು ಮೊದಲು ಮಾಡುವ ಕೆಲಸ ಯಾವುದು, ಹೇಳಿ ನೋಡೋಣ? ಕಿಟಕಿ ಮುಚ್ಚುವುದು ತಾನೆ! ನಾನೂ ಅದನ್ನೇ ಮಾಡುತ್ತಿದ್ದೆ. ನಮ್ಮ ಚಳ್ಳಕೆರೆಯ ಗಾಳಿ ಕಂಡವರಿಗೇ ಗೊತ್ತು. ಬೆಳಿಗ್ಗೆ ಒರೆಸಿದ ನೆಲದ ಮೇಲೆ ಹತ್ತು ಗಂಟೆಗೆಲ್ಲ ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ಧೂಳು. ಕಿಟಕಿ ಮುಚ್ಚಿ, ಚಿಲಕ ಹಾಕಿ, ಸಂದಿಗೆ ಹಳೇ ಸೀರೆಯ ಚೂರು ತುರುಕುವವಳೇ ಅಚ್ಚುಕಟ್ಟಾದ ಗೃಹಿಣಿ ಎಂದು ನಂಬಿ ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳು ನಾನು. ಹೋದ ಆಷಾಢದಲ್ಲಿ ಅಂಗೈಯಗಲದ ಒಂದು ಡಬ್ಬಿ ಬಂದು ನನ್ನ ಜಂಭ ಇಳಿಸಿತು. ಆ ಕಥೆ ಹೇಳಬೇಕಾದರೆ ನನ್ನದೊಂದು ತಪ್ಪನ್ನೂ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ನನ್ನ ತವರು ಮೊಳಕಾಲ್ಮುರು. ರೇಷ್ಮೆ ಸೀರೆಗೆ ಹೆಸರಾದ ಊರು. ಅಪ್ಪ, ತಮ್ಮ ಇಬ್ಬರೂ ಗುಂಡಿಮಗ್ಗದಲ್ಲಿ ನೇಯುತ್ತಾರೆ. ಒಳಗಿನ ಚಿಕ್ಕ ಕೋಣೆಯಲ್ಲಿ ಅಮ್ಮ, ತಮ್ಮನ ಹೆಂಡತಿ ಮತ್ತು ಪಕ್ಕದ ಮನೆಯ ಹುಡುಗಿ ಕೂತು ನೂಲು ಬಿಡಿಸಿ ಕಂಡಿಕೆ ಸುತ್ತುತ್ತಾರೆ. ರೇಷ್ಮೆ ಎಳೆ ಎಷ್ಟು ನಾಜೂಕು ಅಂತ ನಿಮಗೆ ಹೇಳಬೇಕಾಗಿಲ್ಲ. ಒಣಗಾಳಿ ಬೀಸಿದರೆ ಪಟಪಟ ಹರಿಯುತ್ತದೆ, ಧೂಳು ಕೂತರೆ ಮಾಸುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ಕೆಲಸದ ಹೊತ್ತಿನಲ್ಲಿ ಕಿಟಕಿ ತೆಗೆಯುವುದೆಂದರೆ ಮಹಾಪರಾಧ.

ತಮ್ಮನ ಹೆಂಡತಿ ಮದುವೆಯಾಗಿ ಬಂದ ಮೂರನೇ ವರ್ಷದಿಂದ ಅಮ್ಮನದು ಒಂದೇ ದೂರು: "ರಾತ್ರಿಯೆಲ್ಲ ಮಲಗಿ ಎದ್ದವಳು ಹನ್ನೊಂದು ಗಂಟೆಗೇ ತೂಕಡಿಸ್ತಾಳೆ ಕಣೆ. ಕೇಳಿದ್ರೆ ತಲೆನೋವು ಅಂತಾಳೆ." ಉಗಾದಿಗೆ ಹೋದಾಗ ನಾನೂ ಸುಮ್ಮನಿರಲಿಲ್ಲ. ಬಂದವರೆಲ್ಲರ ಎದುರಿಗೇ, "ನಮ್ಮಮ್ಮ ಅರವತ್ತೈದರಲ್ಲೂ ಗಟ್ಟಿಯಾಗಿ ಕೂತಿದಾಳೆ, ನಿನಗೇನಮ್ಮ ಬಂದಿರೋದು?" ಅಂದುಬಿಟ್ಟೆ. ಆ ಹುಡುಗಿ ಎದುರಾಡಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ರಾಟೆ ಹಿಡಿದಳು. ಅವಳ ಕಣ್ಣು ಕೆಂಪಾಗಿದ್ದದ್ದು ನಿದ್ದೆಯಿಂದಲೇ ಅಂದುಕೊಂಡೆ ನಾನು!

ಇನ್ನು ಡಬ್ಬಿಯ ವಿಷಯ. ಬೆಂಗಳೂರಿನಲ್ಲಿರುವ ನನ್ನ ಮಗ ಅದನ್ನು 2021ರಲ್ಲಿ ಕೊಂಡಿದ್ದ. ಮುಚ್ಚಿದ ಕೋಣೆಯ ಗಾಳಿಯಲ್ಲಿ ಕೋವಿಡ್ ಹರಡುತ್ತದೆ ಎಂದು ಎಲ್ಲರೂ ಹೆದರಿದ್ದ ಕಾಲ. ಒಬ್ಬರು ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ಉಳಿದಿದೆ ಎಂದು ಇದು ತೋರಿಸುತ್ತದಂತೆ. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈ ಆಕ್ಸೈಡ್ ನೂರಕ್ಕೆ ಸುಮಾರು ನಾಲ್ಕು ಪಾಲು. ಹೊರಗಿನ ಗಾಳಿಯಲ್ಲಾದರೋ ಹತ್ತು ಲಕ್ಷ ಪಾಲಿಗೆ ಬರೀ 420ರ ಆಸುಪಾಸು. ಹತ್ತು ಲಕ್ಷ ರಾಗಿ ಕಾಳಿನ ಮಧ್ಯೆ 420 ಸಾಸಿವೆ ಕಾಳು ಬೆರೆತಿವೆ ಅಂದುಕೊಳ್ಳಿ. ಈ ಲೆಕ್ಕಕ್ಕೇ ಪಿಪಿಎಂ ಅನ್ನುತ್ತಾರೆ. ಕೋಣೆಯಲ್ಲಿ ಜನ ಇದ್ದು ಹೊಸ ಗಾಳಿ ಬಾರದಿದ್ದರೆ ಸಾಸಿವೆ ಹೆಚ್ಚುತ್ತಾ ಹೋಗುತ್ತದೆ. ಈ ಅನಿಲ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಡಬ್ಬಿಯೊಳಗೆ ಆ ಬೆಳಕು ಬಿಟ್ಟು, ಎಷ್ಟು ಕಡಿಮೆಯಾಯಿತೆಂದು ನೋಡಿ ಸಂಖ್ಯೆ ಹೇಳುತ್ತಾರೆ.

ಮೊದಲ ಪರೀಕ್ಷೆ ನಮ್ಮ ಮಲಗುವ ಕೋಣೆಯಲ್ಲೇ ಆಯಿತು. ಮಲಗುವಾಗ 650 ಇದ್ದದ್ದು ಬೆಳಗಿನ ಜಾವ 2400! "ರಾತ್ರಿಯೆಲ್ಲ ಫ್ಯಾನು ತಿರುಗ್ತಾ ಇತ್ತಲ್ಲೋ!" ಅಂದೆ. "ಅಮ್ಮಾ, ಫ್ಯಾನು ಹೊಸ ಗಾಳಿ ತರೋದಿಲ್ಲ. ಇರೋ ಗಾಳೀನೇ ಸೌಟು ಹಾಕಿ ತಿರುಗಿಸುತ್ತೆ, ಅಷ್ಟೇ" ಅಂದ. ಗೋಡೆಗೆ ಹಾಕುವ ಮಾಮೂಲಿ ಏಸಿಯದೂ ಇದೇ ಕಥೆಯಂತೆ. ನಿನ್ನೆಯ ಸಾರನ್ನು ಎಷ್ಟು ತಿರುಗಿಸಿದರೂ ಅದು ನಿನ್ನೆಯ ಸಾರೇ ತಾನೆ?

ನನಗೆ ಆದರೂ ಅನುಮಾನ. ಹಿಂದಿನ ಬೀದಿಯ ವಿಜ್ಞಾನದ ಟೀಚರನ್ನು ಕೇಳಿದೆ. ನಮ್ಮೂರ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರಲ್ಲ, ಅಲ್ಲಿಗೆ ಹೋಗಿ ಬಂದವರು ಆಕೆ. ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯೆಲ್ಲ ಮುಚ್ಚಿಟ್ಟು, ಮೇಲಿನ ತಿಳಿ ಬಸಿದುಕೊಂಡರು. ಅದರೊಳಗೆ ಕೊಳವೆಯಿಂದ ಮೆಲ್ಲಗೆ ಊದಿದರು. ತಿಳಿ ಹಾಲಿನಂತಾಯಿತು! (ಮಕ್ಕಳ ಕೈಗೆ ಕೊಡಬೇಡಿ; ಬಾಯಿಗೆ, ಕಣ್ಣಿಗೆ ಹೋದೀತು.) ಜರ್ಮನಿಯ ಮ್ಯೂನಿಕ್ ನಗರದಲ್ಲಿ ಪೆಟೆನ್‌ಕೋಫರ್ ಎಂಬ ವಿಜ್ಞಾನಿ ಇಂಥದೇ ಇನ್ನೊಂದು ತಿಳಿಯಿಂದ ಕೋಣೆಗಳ ಗಾಳಿ ಅಳೆದು, ಜನ ವಾಸಿಸುವ ಕಡೆ ಇದು 1000 ದಾಟಬಾರದು ಎಂದು 1858ರಷ್ಟು ಹಿಂದೆಯೇ ಹೇಳಿದನಂತೆ. "ಸಾವಿರ ದಾಟಿದ ಕೂಡಲೇ ವಿಷ ಅಂತಲ್ಲ ಕಣ್ರೀ. ಗಾಳಿ ಹಳಸಿದೆ ಅನ್ನೋ ಗುರುತು" ಅಂದರು ಟೀಚರು. ಹಳಸಿದ ಕೋಣೆಯಲ್ಲಿ ಬೆವರು, ಸೆಕೆ, ವಾಸನೆ ಎಲ್ಲ ಸೇರಿಕೊಳ್ಳುತ್ತವೆ. ತಲೆ ಭಾರ, ಜೊಂಪು ಬರುವುದುಂಟು ಎಂದರು. ಜೊಂಪು ಅಂದದ್ದೇ ತಡ, ನನಗೆ ತವರಿನ ಚಿಕ್ಕ ಕೋಣೆ ನೆನಪಾಯಿತು.

ಆ ಭಾನುವಾರವೇ ಮಗನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಡಬ್ಬಿಯನ್ನು ಮೊದಲು ತವರಿನ ಅಂಗಳದಲ್ಲಿಟ್ಟೆವು, 430. ಮಗ್ಗದ ಹಜಾರ ದೊಡ್ಡದು, ಅಲ್ಲಿ 1100. ಕಂಡಿಕೆಯ ಕೋಣೆಯಲ್ಲಿ ಮೂವರು ಕೆಲಸಕ್ಕೆ ಕೂತು ಒಂದೂವರೆ ಗಂಟೆ ಆಗುವಷ್ಟರಲ್ಲಿ 2300! ಅಮ್ಮ ನಡುನಡುವೆ ಎದ್ದು ಅಂಗಳಕ್ಕೆ ಹೋಗಿ ಎಲೆ ಅಡಿಕೆ ಹಾಕಿಕೊಂಡು, ಎದುರು ಮನೆಯವರನ್ನು ಮಾತಾಡಿಸಿ ಬರುವುದನ್ನು ಅವತ್ತು ಗಮನಿಸಿದೆ. ಸೊಸೆಗೆ ಆ ಸ್ವಾತಂತ್ರ್ಯವೆಲ್ಲಿ? ಮೂಲೆಯಲ್ಲಿ ಕೂತವಳು ಕೂತೇ ಇದ್ದಳು.

ಅಪ್ಪ ಮಾತ್ರ ಒಪ್ಪಲಿಲ್ಲ. "ಡಬ್ಬಿಗೇನು ಗೊತ್ತು ಮಗ್ಗದ ಕಷ್ಟ? ಗಾಳಿ ಬಿಟ್ರೆ ಎಳೆ ಹರೀತೈತೆ ಕಣವ್ವ. ಹರಿದ ಎಳೆಗೆ ಕೂಲಿ ಯಾರು ಕೊಡ್ತಾರೆ?" ಅವರ ಮಾತೂ ಸುಳ್ಳಲ್ಲ. ಹೊಟ್ಟೆಪಾಡಿನ ಪ್ರಶ್ನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮತ್ತೆ ಅಂದರು: "ಹಳೇ ಮಾಳಿಗೆ ಮನೇಲಿ ಗವಾಕ್ಷಿ ಇತ್ತು. ಗಾಳಿ ಮೈಮೇಲೆ ಬೀಸ್ತಿರಲಿಲ್ಲ, ಬಿಸಿ ಮೇಲೆ ಹೋಗ್ತಿತ್ತು. ತಾರಸಿ ಹಾಕಿಸುವಾಗ ಮಳೆ ಸೋರ್ತೈತೆ ಅಂತ ನಾವೇ ಬೇಡ ಅಂದ್ವಿ."

ಆ ಮಾತೇ ದಾರಿ ತೋರಿಸಿತು. ಆಷಾಢದ ಗಾಳಿ ಬೀಸುವುದು ಪಡುವಣದಿಂದ. ಆ ಕಡೆಯ ಕಿಟಕಿ ಮುಚ್ಚಿಯೇ ಇರಲಿ. ಕಂಡಿಕೆ ಕೋಣೆಗೆ ಮೂಡಲಿಗೂ ಒಂದು ಪುಟ್ಟ ಕಿಟಕಿ ಇತ್ತು. ಅದಕ್ಕೆ ಅಡ್ಡವಾಗಿ ನನ್ನ ಮದುವೆ ಕಾಲದ ಟ್ರಂಕು ಕೂತಿತ್ತು! ಟ್ರಂಕು ಸರಿಸಿ, ಕಿಟಕಿ ತೆಗೆದು, ಧೂಳು ತಡೆಯಲು ತೆಳು ಪಂಚೆ ಕಟ್ಟಿದೆವು. ಬಾಗಿಲ ಮೇಲಿನ ವೆಂಟಿಲೇಟರಿನ ಗಾಜು ತೆಗೆಸಿ ಜಾಲರಿ ಹೊಡೆಸಿದೆವು. ಅರ್ಧ ಗಂಟೆಯಲ್ಲಿ ಸಂಖ್ಯೆ 900ಕ್ಕೆ ಇಳಿಯಿತು. ಎಳೆಯೂ ಹರಿಯಲಿಲ್ಲ. ಹಜಾರದ ಕಿಟಕಿಗೆ ಮಾತ್ರ ಅಪ್ಪ ಕೈ ಹಚ್ಚಲು ಬಿಡಲಿಲ್ಲ. ಊಟದ ಹೊತ್ತಿನಲ್ಲಿ ಮಗ್ಗಕ್ಕೆ ಬಟ್ಟೆ ಹೊದಿಸಿ ತೆಗೆಯುವುದೆಂದು ರಾಜಿಯಾಯಿತು.

ಅಂದು ಸಂಜೆ ಎಲ್ಲರೂ ಕೂತಿದ್ದಾಗ, ಉಗಾದಿಗೆ ಯಾರೆದುರು ಬೈದಿದ್ದೆನೋ ಅವರೆದುರೇ, "ತಪ್ಪಾಯಿತಮ್ಮ, ನಾನು ಹಾಗನ್ನಬಾರದಿತ್ತು" ಅಂದೆ. ಅವಳು ತಲೆ ತಗ್ಗಿಸಿ ನಕ್ಕಳು. "ಅಕ್ಕಾ, ಆ ಡಬ್ಬೀನ ಎಂಟು ದಿನ ಇಲ್ಲೇ ಬಿಟ್ಟು ಹೋಗ್ರಿ. ನಾನು ಹೇಳಿದ್ರೆ ಯಾರೂ ಕೇಳಲ್ಲ, ಅದು ಹೇಳಿದ್ರೆ ಕೇಳ್ತಾರೆ" ಅಂದಳು. ನಗುತ್ತಲೇ ಅಂದಳು, ಆದರೂ ನನಗೆ ನಾಟಿತು.

ಎಲ್ಲಾ ಕಿಟಕಿಯಿಂದಲೇ ಸರಿಹೋಯಿತು ಅಂದರೆ ಸುಳ್ಳಾದೀತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ನೋಡಿಸಿದಾಗ ಹಿಮೋಗ್ಲೋಬಿನ್ನೂ ಕಡಿಮೆ ಇತ್ತು. ಈಗ ಮಾತ್ರೆ ನಡೆದಿದೆ. ತಲೆನೋವು ಎಷ್ಟೋ ಕಡಿಮೆ.

ಈಗ ನಿಮಗೆ ನಾಲ್ಕು ಮಾತು. ಇದಕ್ಕೆ ಕೆಲವು ಸಾವಿರ ರೂಪಾಯಿ ಆಗುತ್ತದೆ, ಎಲ್ಲರೂ ಕೊಳ್ಳಬೇಕಾಗಿಲ್ಲ, ಬೀದಿಗೊಂದಿದ್ದರೆ ಸಾಕು. ಕೊಳ್ಳುವುದಾದರೆ ಎನ್‌ಡಿಐಆರ್ ಎಂದು ಬರೆದಿರುವುದನ್ನೇ ನೋಡಿ. ಅಗ್ಗದ ಕೆಲವು ಅಳೆಯುವುದೇ ಇಲ್ಲ, ಅಂದಾಜು ಹೇಳುತ್ತವೆ. ಸ್ಯಾನಿಟೈಸರ್ ಹತ್ತಿರ ಹಿಡಿದ ಕೂಡಲೇ ಸಂಖ್ಯೆ ಹಾರಿದರೆ ಅನುಮಾನಪಡಿ. ಕೂತವರ ಎತ್ತರಕ್ಕೆ ಇಡಿ. ಬಾಯಿಯ ಹತ್ತಿರವೂ ಬೇಡ, ಕಿಟಕಿಯ ಮೇಲೂ ಬೇಡ.

ಹಾಗಂತ ಡಬ್ಬಿಯನ್ನು ದೇವರು ಮಾಡಬೇಡಿ. ನಮ್ಮ ಅಡಿಗೆಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆಗೆ ಮನೆಮಂದಿಯೆಲ್ಲ ಕೆಮ್ಮಿದರೂ ಅದು ಮಾತ್ರ ಕೆಮ್ಮಲಿಲ್ಲ. ಹೊಗೆ, ಧೂಳು ಅದಕ್ಕೆ ತಿಳಿಯದು. ಎಲ್ಲಕ್ಕಿಂತ ಮುಖ್ಯವಾಗಿ, ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡ್ ಬೇರೆಯೇ ಅನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣವನ್ನೇ ತೆಗೆದೀತು. ಈ ಡಬ್ಬಿ ಅದನ್ನು ತೋರಿಸುವುದಿಲ್ಲ. ಥಂಡಿ ಹತ್ತೀತೆಂದು ಬಾಣಂತಿಯ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಇಂದೇ ಬಿಡಿ. ತಾಯಿ ಮಗುವನ್ನು ಬೆಚ್ಚಗಿಡಲು ಕಂಬಳಿ ಇದೆ.

ಡಬ್ಬಿ ಇಲ್ಲದಿದ್ದರೂ ಚಿಂತೆಯಿಲ್ಲ. ಐದು ನಿಮಿಷ ಅಂಗಳದಲ್ಲಿ ನಿಂತು ಒಳಗೆ ಬನ್ನಿ. ಕೋಣೆ ಮುಗ್ಗಲು ಅನ್ನಿಸಿದರೆ ಎದುರುಬದುರಿನ ಕಿಟಕಿ ಬಾಗಿಲು ಹತ್ತು ನಿಮಿಷ ತೆಗೆಯಿರಿ. ಧೂಳು ಬರುತ್ತದೆ, ಬರಲಿ. ಇನ್ನೊಂದು ಸಲ ಒರೆಸಿದರಾಯಿತು. ಮನೆಯಲ್ಲಿ ಯಾರಾದರೂ ಹಗಲೇ ತೂಕಡಿಸುತ್ತಿದ್ದರೆ, ಬೈಯಲು ಬಾಯಿ ತೆಗೆಯುವ ಮೊದಲು ಕಿಟಕಿ ತೆಗೆದು ನೋಡಿ.