ಎರಡು ಅಂಕ

ಮೇಷ್ಟರ ಕೈಯ ಕೆಂಪು ಶಾಯಿಯ ಪೆನ್ನಿಗೂ ಮಂಗನ ಕೈಯ ಮಾಣಿಕ್ಯಕ್ಕೂ ದೊಡ್ಡ ವ್ಯತ್ಯಾಸವಿಲ್ಲವೆಂದು ಈಚೆಗೆ ನನಗೆ ಅನ್ನಿಸತೊಡಗಿದೆ. ನಾನೂ ಆ ಕುಲದವನೇ ಆದ್ದರಿಂದ ಹೇಳಲು ಸಂಕೋಚವಿಲ್ಲ.

ಹೋದ ಕಿರುಪರೀಕ್ಷೆಯಲ್ಲಿ ಮಾತ್ರಾಗಣವನ್ನು ಉದಾಹರಣೆಸಹಿತ ವಿವರಿಸಿರೆಂದು ಕೇಳಿದ್ದೆ. ಎಲ್ಲರೂ ಗೈಡಿನ ಪದ್ಯವನ್ನೇ ಒಪ್ಪಿಸಿದ್ದರು. ಒಬ್ಬ ಹುಡುಗ ಮಾತ್ರ ಹಂಸಲೇಖರ ಚಿತ್ರಗೀತೆಯ ಸಾಲೊಂದನ್ನು ಬರೆದು, ಲಘು ಗುರು ಹಾಕಿ, ನಾಲ್ಕು ನಾಲ್ಕು ಮಾತ್ರೆಗೆ ಗೆರೆ ಎಳೆದಿದ್ದ. ನಾನು ಎರಡು ಅಂಕ ಕಳೆದು, ಅಂಚಿನಲ್ಲಿ ‘ಸಿನಿಮಾ ಹಾಡು ಕಾವ್ಯವಲ್ಲ’ ಎಂದು ಗೀಚಿದೆ. ಹುಡುಗ ಅದನ್ನು ಓದಿ, ಪತ್ರಿಕೆಯನ್ನು ಮಡಿಸಿ ಜೇಬಿಗಿಟ್ಟ. ಅಂದಿನಿಂದ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ನಾನಿರುವುದು ಕಲ್ಯಾಣ ನಗರದಲ್ಲಿ. ನಮ್ಮ ರಸ್ತೆಯ ತಿರುವಿನಲ್ಲೊಂದು ಇಸ್ತ್ರಿ ಗಾಡಿ. ಅದರ ಯಜಮಾನರು ನನಗಿಂತ ಹಿರಿಯರು, ಮನೆಮಾತು ತಮಿಳು. ಮೊನ್ನೆ ಬಟ್ಟೆ ತರಲು ಹೋದಾಗ ರೇಡಿಯೋದಲ್ಲಿ ‘ಪ್ರೇಮಲೋಕ’ದ ಹಾಡು ಬರುತ್ತಿತ್ತು. ಪೆಟ್ಟಿಗೆ ತಳ್ಳುತ್ತ ಅವರೂ ಹಾಡುತ್ತಿದ್ದರು, ಒಂದಕ್ಷರ ತಪ್ಪಲಿಲ್ಲ.

“ಕನ್ನಡ ಎಲ್ಲಿ ಕಲಿತಿರಿ?” ಎಂದೆ.

“ಸ್ಕೂಲಿಗೆ ಎಲ್ಲಿ ಹೋದೆ ಸಾರ್? ಈ ಕ್ಯಾಸೆಟ್ಟು ಕೇಳಿ ಕೇಳಿ ಬಂತು.”

ಎಂ.ಎ. ಮಾಡಿದ ನಾನು ಇಷ್ಟು ವರ್ಷಗಳಲ್ಲಿ ಆ ಬೀದಿಯ ಒಬ್ಬರಿಗೂ ಒಂದು ಕನ್ನಡ ಪದ ಕಲಿಸಿದವನಲ್ಲ!

ಮನೆಗೆ ಬಂದು ಹಂಸಲೇಖರ ಬದುಕನ್ನು ನೆನೆದೆ. 1951ರಲ್ಲಿ ಹುಟ್ಟಿದ ಗಂಗರಾಜು 1970ರ ದಶಕದ ಆರಂಭದಲ್ಲೇ ‘ತ್ರಿವೇಣಿ’ ಚಿತ್ರಕ್ಕೆ ಹಾಡು ಬರೆದವರು. ಮನೆಮಾತಾದದ್ದು 1987ರ ‘ಪ್ರೇಮಲೋಕ’ದಿಂದ. ನಡುವೆ ಒಂದು ವನವಾಸದಷ್ಟು ಕಾಲ! ಅದುವರೆಗೆ ನಮ್ಮ ಚಿತ್ರಗಳಲ್ಲಿ ಸಾಮಾನ್ಯವಾಗಿ ಹಾಡು ಒಬ್ಬರದು, ರಾಗ ಇನ್ನೊಬ್ಬರದು: ಚಿ. ಉದಯಶಂಕರ್ ಬರೆದರೆ ರಾಜನ್–ನಾಗೇಂದ್ರ ರಾಗ ಕಟ್ಟುತ್ತಿದ್ದರು. ಇವರು ಬರೆದದ್ದೂ ತಾವೇ, ರಾಗ ಕಟ್ಟಿದ್ದೂ ತಾವೇ. ವಾದ್ಯ ಕೂಡಿಸಿ ಧ್ವನಿಮುದ್ರಣ ಮಾಡಿಸುವ ಹೊಣೆಯೂ ತಮ್ಮದೇ. ಲಹರಿ ಸಂಸ್ಥೆ ತಂದ ಆ ಕ್ಯಾಸೆಟ್ಟು ಹೋಟೆಲು, ಬಸ್ಸು, ಮದುವೆಮನೆಗಳನ್ನೆಲ್ಲ ಹೊಕ್ಕಿತು. ಕಾಲೇಜು ಹುಡುಗರ ಚೇಷ್ಟೆಗೆ ಮಾತು ಕೊಟ್ಟ ಅವರೇ ಗದುಗಿನ ಅಂಧ ಗವಾಯಿಗಳ ಬದುಕಿಗೂ ಸಂಗೀತ ಕೊಟ್ಟರು. 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರದ ಆ ಕೆಲಸಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಮಾತೂ ರಾಗವೂ ಒಬ್ಬರದೇ ಆದರೆ ಅವರನ್ನು ವಾಗ್ಗೇಯಕಾರರೆಂದು ಕರೆಯುವುದು ನಮ್ಮಲ್ಲಿ ವಾಡಿಕೆ. ಪುರಂದರದಾಸರ ಪಾಠದಲ್ಲಿ ಅದನ್ನು ಹೇಳಿಕೊಡುವವನು ನಾನೇ. ದಾಸರ ಪಕ್ಕದಲ್ಲಿ ಸಿನಿಮಾದವರನ್ನು ಕೂರಿಸಬೇಕೆಂದು ನನ್ನ ವಾದವಲ್ಲ. ಆದರೆ ಸಿನಿಮಾದ ಬಾಗಿಲಿಂದ ಬಂದ ಮಾತ್ರಕ್ಕೆ ಗಣಕ್ಕೆ ಮೈಲಿಗೆಯೇ? ಆ ರಾತ್ರಿ ಹುಡುಗನ ಸಾಲಿಗೆ ಪ್ರಸ್ತಾರ ಹಾಕಿ ನೋಡಿದೆ. ಒಂದು ಮಾತ್ರೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅಂಕಪಟ್ಟಿ ಆಗಲೇ ಆಫೀಸು ಸೇರಿತ್ತು, ತಿದ್ದುವಂತಿರಲಿಲ್ಲ. ಮರುದಿನ ಕ್ಲಾಸಿನಲ್ಲಿ ತಪ್ಪು ನನ್ನದೆಂದು ಎಲ್ಲರೆದುರು ಒಪ್ಪಿಕೊಂಡು, ಅವನನ್ನೇ ಹಲಗೆಯ ಬಳಿಗೆ ಕರೆದೆ. ಬಂದ; ಗೆರೆ ಎಳೆದ. ಹಿಂದಿನ ಬೆಂಚಿನವರು ಮೆಲ್ಲಗೆ ಹಾಡತೊಡಗಿದರು. ಸೀಮೆಸುಣ್ಣ ಹಿಂದಿರುಗಿಸುವಾಗ ಹುಡುಗ ಕೇಳಿದ:

“ದೊಡ್ಡ ಪರೀಕ್ಷೆಯಲ್ಲೂ ಇದನ್ನೇ ಬರೆಯಬಹುದಾ ಸಾರ್?”

ಅಲ್ಲಿ ಉತ್ತರಪತ್ರಿಕೆ ನೋಡುವವನು ನಾನಲ್ಲ. ಅಲ್ಲಿಯೂ ಒಬ್ಬ ಮೇಷ್ಟರು, ಅವರ ಕೈಯಲ್ಲೂ ಕೆಂಪು ಪೆನ್ನು. ಅವನಿಗೆ ಏನು ಹೇಳಬೇಕೆಂದು ನನಗಿನ್ನೂ ಹೊಳೆದಿಲ್ಲ.