ಲೈನ್ ಕ್ಲಿಯರ್ ತಗೊಂಡ್ಯಾ?

ನಮ್ಮಪ್ಪ 32 ವರ್ಷ ಲೈನ್‌ಮ್ಯಾನ್ ಆಗಿದ್ದವರು. ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಕಂಬ ಹತ್ತೋದು ಅಂದರೆ ಏನು ಅಂತ ಆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಮನೆಯಲ್ಲಿ ಒಂದು ಬಲ್ಬ್ ಹೋಲ್ಡರ್ ಬಿಚ್ಚಲೂ ನನ್ನನ್ನು ಬಿಟ್ಟವರಲ್ಲ. "ನೀನು ಓದು, ವೈರಿನ ಕೆಲಸ ನನಗಿರಲಿ" ಅನ್ನೋರು. ನಾನು ಓದಿದೆ, ಇಂಜಿನಿಯರ್ ಆದೆ. ಈಗ ಅಮೆರಿಕದ ನಾರ್ತ್ ಕ್ಯಾರೊಲಿನಾದ ರಾಲೇ ಊರಲ್ಲಿ ಸಾಫ್ಟ್‌ವೇರ್ ಕೆಲಸ, ಸಾಲದ ಮೇಲೆ ಕೊಂಡ ಒಂದು ಹಳೇ ಮನೆ, ಏಳು ತಿಂಗಳ ಮಗಳು.

ಮಗುವನ್ನು ನೋಡಲು ಅಪ್ಪ ಅಮ್ಮ ಬಂದಿದ್ದರು. ಡಿಸೆಂಬರ್‌ನ ಕರೆಂಟ್ ಬಿಲ್ಲೂ ಬಂತು. ಅದನ್ನು ನೋಡಿ ನಾನು ಥರ್ಮೋಸ್ಟಾಟ್ ಬದಲಿಸಬೇಕು ಅಂತ ತೀರ್ಮಾನಿಸಿದೆ.

ಇಲ್ಲಿ ತುಂಬ ಮನೆಗಳಿಗೆ ಹೀಟ್ ಪಂಪ್ ಇರುತ್ತದೆ. ಹಿಂದುಮುಂದಾಗಿ ಓಡಬಲ್ಲ ಏಸಿ ಅಂದುಕೊಳ್ಳಿ. ಬೇಸಿಗೆಯಲ್ಲಿ ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ, ಚಳಿಗಾಲದಲ್ಲಿ ಹೊರಗಿನ ತಣ್ಣನೆ ಗಾಳಿಯಲ್ಲೂ ಇರುವ ಶಾಖವನ್ನು ಒಳಗೆ ಎಳೆದು ತರುತ್ತದೆ. ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಅದಕ್ಕೆ ಕೈಲಾಗದಿದ್ದಾಗ ಸಹಾಯಕ್ಕೆ ಅಂತ ಒಳಗೊಂದು ಕಾಯಿಲ್ ಇರುತ್ತದೆ, ನಮ್ಮ ಗೀಸರ್‌ನಲ್ಲಿ ಇರುವಂಥದ್ದೇ, ಇನ್ನೂ ದೊಡ್ಡದು. ಬಿಲ್ಲು ತಿನ್ನುವುದು ಇದು. ನಮ್ಮ ಹಳೇ ಥರ್ಮೋಸ್ಟಾಟ್ ರಾತ್ರಿ ಮನೆಯನ್ನು ತಣ್ಣಗೆ ಬಿಟ್ಟು, ಬೆಳಗ್ಗೆ ಆರಕ್ಕೆ ಒಮ್ಮೆಲೇ ಹತ್ತು ಡಿಗ್ರಿ ಏರಿಸಲು ಹೋಗುತ್ತಿತ್ತು. ಏರಿಸಲು ಪ್ರತಿದಿನ ಆ ಕಾಯಿಲ್ ಉರಿಯಲೇಬೇಕು. ಉಳಿಸಲು ಹೋಗಿ ಕಳೆದುಕೊಳ್ಳುವ ಲೆಕ್ಕ.

ಜನವರಿಯ ಒಂದು ಶನಿವಾರ ಮಧ್ಯಾಹ್ನ ಗ್ಯಾರೇಜಿನ ಪ್ಯಾನೆಲ್‌ನಲ್ಲಿ 'ಹೀಟ್ ಪಂಪ್' ಎಂದು ಬರೆದಿದ್ದ ಬ್ರೇಕರ್ ಆಫ್ ಮಾಡಿದೆ. ಹೊರಗಿನ ಫ್ಯಾನ್ ನಿಂತಿತು. ಗೋಡೆಯ ಥರ್ಮೋಸ್ಟಾಟ್‌ನ ಪರದೆ ಮಾತ್ರ ಆರಲಿಲ್ಲ. ಅದರಲ್ಲಿ ಬ್ಯಾಟರಿ ಇದೆಯಲ್ಲ, ಅದಕ್ಕೇ ಅಂದುಕೊಂಡೆ.

ಸೋಫಾದಲ್ಲಿ ಕೂತಿದ್ದ ಅಪ್ಪ ಕೇಳಿದರು, "ಲೈನ್ ಕ್ಲಿಯರ್ ತಗೊಂಡ್ಯಾ?"

ಕಂಬ ಹತ್ತುವ ಮೊದಲು ಆ ಲೈನಿನ ಸಪ್ಲೈ ತೆಗೆಸಿ, ತೆಗೆದಿದ್ದಾರೆ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ ಲೈನ್ ಕ್ಲಿಯರ್ ಅನ್ನುತ್ತಾರೆ. ಎಲ್‌ಸಿ ಅಂತಲೂ ಹೇಳುತ್ತಾರೆ.

"ಹೂಂ ಅಪ್ಪ. ಬ್ರೇಕರ್ ತೆಗೆದಿದ್ದೀನಿ."

"ಟೆಸ್ಟ್ ಮಾಡಿ ನೋಡಿದ್ಯಾ?"

"ಇದು ಬರೀ 24 ವೋಲ್ಟ್ ಅಪ್ಪ. ನಿಮ್ಮ ಕಾಲದ ಕಂಬ ಅಲ್ಲ ಇದು."

ಅವರು ಮತ್ತೆ ಏನೂ ಕೇಳಲಿಲ್ಲ. ಟಿವಿ ಕಡೆ ತಿರುಗಿದರು.

ಹಳೆಯದರ ಮುಚ್ಚಳ ತೆಗೆದು ಫೋಟೋ ಹೊಡೆದುಕೊಂಡೆ. ಇದೊಂದು ಕೆಲಸ ನಾನು ಸರಿಯಾಗಿ ಮಾಡಿದ್ದು. ಆರು ವೈರ್: ಕರೆಂಟ್ ಬರುವ ಆರ್, ವಾಪಸ್ ಹೋಗುವ ಸಿ, ಕಂಪ್ರೆಸರ್‌ಗೆ ವೈ, ಒಳಗಿನ ಫ್ಯಾನಿಗೆ ಜಿ, ಕಾಯಿಲ್‌ಗೆ ಡಬ್ಲ್ಯು-2, ಇನ್ನೊಂದು ನೀಲಿ ವೈರ್ 'ಬಿ' ಅನ್ನುವ ಸ್ಕ್ರೂನಲ್ಲಿ. ಬಣ್ಣ ನಂಬಬಾರದು, ಯಾವ ವೈರ್ ಯಾವ ಅಕ್ಷರದಲ್ಲಿದೆ ಅನ್ನುವುದನ್ನೇ ನೋಡಬೇಕು ಅಂತ ಓದಿದ್ದೆ. ಅದೂ ನೆನಪಿತ್ತು. ಒಂದೊಂದಕ್ಕೂ ಚೀಟಿ ಅಂಟಿಸುತ್ತಾ ಬಂದೆ. ಕೆಂಪು ವೈರಿನ ತುದಿ ಕಪ್ಪಿಗೆ ತಾಗಿತು. ಸಣ್ಣದೊಂದು ಕಿಡಿ. ಬೆಂಕಿಕಡ್ಡಿ ಗೀರಿದಷ್ಟೂ ಅಲ್ಲ.

ನಾನು ಹಿಂದೆ ತಿರುಗಿ ನೋಡಿದೆ. ಅಪ್ಪ ನೋಡಿರಲಿಲ್ಲ. ಅಥವಾ ನೋಡಿಯೂ ಸುಮ್ಮನಿದ್ದರೋ ಏನೋ.

ಹೊಸದನ್ನು ಕೂರಿಸಿ ಬ್ರೇಕರ್ ಹಾಕಿದರೆ ಪರದೆ ಕಪ್ಪು. ವೈರ್ ಬಿಚ್ಚಿ ಮತ್ತೆ ಹಾಕಿದೆ. ಹಳೆಯದನ್ನೇ ವಾಪಸ್ ಸಿಕ್ಕಿಸಿದೆ. ಅದರ ಪರದೆ ಬಂತು, ಬಿಸಿ ಗಾಳಿ ಬರಲಿಲ್ಲ. "ಏನೋ ಲೂಸ್ ಆಗಿದೆ, ಐದು ನಿಮಿಷ" ಅಂತ ಮನೆಯವರಿಗೆ ಹೇಳುತ್ತಾ ಎರಡು ಗಂಟೆ ಕಳೆದೆ. ರಿಪೇರಿಯವರಿಗೆ ಫೋನ್ ಮಾಡಿದರೆ ಸೋಮವಾರ ಅಂದರು. ಹೊರಗೆ ಆಗಲೇ ಮೈನಸ್ 4 ಡಿಗ್ರಿ ಸೆಲ್ಸಿಯಸ್. ಏಳೂವರೆ ಹೊತ್ತಿಗೆ ಒಳಗೆ 16ಕ್ಕೆ ಇಳಿದಿತ್ತು. ಅಮ್ಮ ಮಗುವಿಗೆ ಎರಡನೇ ಸ್ವೆಟರ್ ಹಾಕಿ, ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಕೂತಿದ್ದರು. ಹೆಂಡತಿ ನನ್ನನ್ನು ನೋಡುತ್ತಿದ್ದ ರೀತಿಯನ್ನು ಬರೆಯುವುದು ಬೇಡ.

ಅಪ್ಪನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಿಡಿಯ ವಿಷಯವನ್ನೂ.

ಬೈಯಲಿಲ್ಲ. "ಹೊರಗಿನ ಮೆಷಿನ್ನಿಗೆ ಒಂದು ಬ್ರೇಕರ್ರು. ಒಳಗಿನದಕ್ಕೆ?" ಅಂದರು.

ಅಷ್ಟೇ. ನನಗೆ ಅಲ್ಲೇ ಹೊಳೆಯಿತು. ಒಳಗಿನ ಯಂತ್ರಕ್ಕೆ ಬೇರೆಯದೇ ಬ್ರೇಕರ್, ಆ 24 ವೋಲ್ಟ್ ಹುಟ್ಟುವ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವುದೂ ಅದರೊಳಗೇ. ನಾನು ತೆಗೆದದ್ದು ಹೊರಗಿನದನ್ನು ಮಾತ್ರ. ಜೀವಂತ ವೈರಿನಲ್ಲೇ ಕೆಲಸ ಮಾಡುತ್ತಿದ್ದೆ.

ಈ ಸಲ ಎರಡನ್ನೂ ಆಫ್ ಮಾಡಿದೆವು. ಅಪ್ಪ ಒಂದು ಕಾಗದದಲ್ಲಿ 'ಕೆಲಸ ನಡೆಯುತ್ತಿದೆ, ಮುಟ್ಟಬೇಡಿ' ಅಂತ ಬರೆಸಿ ಪ್ಯಾನೆಲ್‌ಗೆ ಅಂಟಿಸಿಸಿದರು. ಮನೆಯಲ್ಲಿ ಇರುವುದೇ ನಾಲ್ಕು ಜನ ದೊಡ್ಡವರು, ಯಾರು ಮುಟ್ಟುತ್ತಾರೆ? ಕೇಳಲಿಲ್ಲ. ಆಮೇಲೆ ಮಲ್ಟಿಮೀಟರ್ ಹಿಡಿಸಿದರು. ಸೊನ್ನೆ. ಒಳಗಿನ ಯಂತ್ರದ ಬಾಗಿಲು ತೆಗೆದರೆ ಸರ್ಕ್ಯೂಟ್ ಬೋರ್ಡಿನ ಮೂಲೆಯಲ್ಲಿ, ಕಾರಿನಲ್ಲಿ ಇರುತ್ತದಲ್ಲ, ಅಂಥದ್ದೇ 5 ಆಂಪ್‌ನ ಚಪ್ಪಟೆ ಫ್ಯೂಸ್. ಒಳಗಿನ ಎಳೆ ತುಂಡಾಗಿತ್ತು. ಟ್ರಾನ್ಸ್‌ಫಾರ್ಮರ್ ಸುಡದಿರಲಿ ಅಂತ ತಾನು ಸತ್ತಿತ್ತು.

"ಇಷ್ಟೇ ಮಾರಾಯ" ಅಂದರು ಅಪ್ಪ. ನನಗೆ ಗೊತ್ತಿರುವ ಹಾಗೆ ಅಂದು ಸಂಜೆ ಅವರು ನಕ್ಕಿದ್ದು ಆವಾಗಲೇ.

ಕಾರಿನ ಬಿಡಿಭಾಗದ ಅಂಗಡಿ ಒಂಬತ್ತಕ್ಕೆ ಮುಚ್ಚುತ್ತದೆ. ಅಪ್ಪ ಮಂಕಿಕ್ಯಾಪ್ ಹಾಕಿಕೊಂಡು ಜೊತೆಗೆ ಬಂದರು. ದಾರಿಯಲ್ಲಿ, ನಾನು ಕೇಳದೆಯೇ, ತಮ್ಮ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರ ಕಥೆ ಹೇಳಿದರು. ಅವರು ಎಲ್‌ಸಿ ತಗೊಂಡೇ ಹತ್ತಿದ್ದರು. ಕರೆಂಟಿಲ್ಲ ಅಂತ ಹತ್ತಿರದ ರೈಸ್‌ಮಿಲ್‌ನವರು ಜನರೇಟರ್ ಹಾಕಿದರು. ಅದು ಲೈನಿಗೆ ವಾಪಸ್ ಹರಿಯಿತು. ಕೆಳಗೆ ಏಣಿ ಹಿಡಿದು ನಿಂತಿದ್ದವರು ನಮ್ಮಪ್ಪ. ಆಗ ನಾನು ಎರಡನೇ ಕ್ಲಾಸು. ಆ ವಾರ ಅಪ್ಪ ಊಟ ಬಿಟ್ಟಿದ್ದು ನೆನಪಿದೆ, ಜ್ವರ ಅಂತ ಅಮ್ಮ ಹೇಳಿದ್ದರು.

"ಎರಡು ಕಡೆಯಿಂದ ಬರುತ್ತೆ ಅಂತ ಗೊತ್ತಿರಬೇಕು" ಅಂದರು. ಆಮೇಲೆ ಅಂಗಡಿ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ.

ಫ್ಯೂಸ್ ಹಾಕಿ ಕರೆಂಟ್ ಕೊಟ್ಟಾಗ ಹೊಸ ಥರ್ಮೋಸ್ಟಾಟ್‌ನ ಪರದೆ ಬೆಳಗಿತು. ಅದು ಕೇಳಿದ ಪ್ರಶ್ನೆಗಳಿಗೆಲ್ಲ ನೆಕ್ಸ್ಟ್, ನೆಕ್ಸ್ಟ್ ಒತ್ತಿದೆ. ಕಂಪ್ರೆಸರ್ ಶುರುವಾಗಲು ಐದು ನಿಮಿಷ ಕಾಯಬೇಕು, ಅದರ ರಕ್ಷಣೆಗೆ ಇರುವ ವ್ಯವಸ್ಥೆ ಅದು. ಶುರುವಾಯಿತು. ಅಪ್ಪ ಗಾಳಿ ಬರುವ ಜಾಲರಿಯ ಮೇಲೆ ಕೈ ಇಟ್ಟರು.

"ತಣ್ಣಗೆ ಬರ್ತಿದೆಯಲ್ಲೋ."

ನೀಲಿ ವೈರ್! ಯಂತ್ರ ಹಿಂದುಮುಂದಾಗಲು ಒಂದು ವಾಲ್ವ್ ಇರುತ್ತದೆ. ಹೆಚ್ಚಿನ ಕಂಪನಿಗಳಲ್ಲಿ ಆ ವಾಲ್ವಿಗೆ ತಂಪು ಬೇಕಾದಾಗ ಕರೆಂಟ್ ಹೋಗುತ್ತದೆ, ಅದು 'ಓ'. ಕೆಲವರದು ಉಲ್ಟಾ, ಬಿಸಿ ಬೇಕಾದಾಗ ಹೋಗುತ್ತದೆ, ಅದು 'ಬಿ'. ನನ್ನ ಫೋಟೋದಲ್ಲಿ 'ಬಿ' ಅಂತ ಸ್ಪಷ್ಟವಾಗಿಯೇ ಇತ್ತು. ಹೊಸದರಲ್ಲಿ ಎರಡಕ್ಕೂ ಒಂದೇ ಸ್ಕ್ರೂ, ಯಾವುದು ಅಂತ ಮೆನುವಿನಲ್ಲಿ ಹೇಳಬೇಕು. ನಾನು ಓದದೆ 'ಓ' ಒಪ್ಪಿಕೊಂಡಿದ್ದೆ. ಯೂಸರ್‌ಗಳು ಸೆಟ್ಟಿಂಗ್ ಓದುವುದಿಲ್ಲ ಅಂತ ಆಫೀಸಿನಲ್ಲಿ ಗೊಣಗುವವನು ನಾನೇ.

ಬದಲಿಸಿದೆ. ಮತ್ತೆ ಐದು ನಿಮಿಷ. ಹತ್ತು ಗಂಟೆಗೆ ಬೆಚ್ಚನೆ ಗಾಳಿ ಬಂತು. "ಇದನ್ನ ಬಿಸಿ ಅಂತಾರಾ?" ಅಂದರು ಅಮ್ಮ. ಹೀಟ್ ಪಂಪಿನ ಗಾಳಿ ಗ್ಯಾಸ್ ಹೀಟರಿನಷ್ಟು ಬಿಸಿ ಇರೋದಿಲ್ಲ, ನಿಧಾನಕ್ಕೆ ಮನೆ ಬೆಚ್ಚಗಾಗುತ್ತದೆ ಅಂತ ವಿವರಿಸಲು ಹೊರಟೆ. ಅಷ್ಟರಲ್ಲಿ ಮಗು ನಿದ್ದೆ ಹೋಗಿತ್ತು, ಎಲ್ಲರೂ ಸೇರಿ ನನ್ನನ್ನು ಸುಮ್ಮನಾಗಿಸಿದರು.

ಈಗ ಅದರ ಪ್ರೋಗ್ರಾಮಿಂಗನ್ನು ಹೆಚ್ಚು ಬಳಸುವುದೇ ಇಲ್ಲ. ರಾತ್ರಿಗೆ ಎರಡು ಡಿಗ್ರಿ ಫ್ಯಾರನ್‌ಹೀಟ್ ಇಳಿಸುತ್ತೇನೆ, ಅಷ್ಟೇ.

ಅಪ್ಪ ಅಮ್ಮ ಮಾರ್ಚ್‌ನಲ್ಲಿ ಊರಿಗೆ ಹೋದರು. ಪ್ಯಾನೆಲ್ ಮೇಲಿನ ಕಾಗದ ತೆಗೆದಿಲ್ಲ. ಮೊನ್ನೆ ಅಡುಗೆಮನೆಯ ಸ್ವಿಚ್ ಬದಲಿಸುವ ಮೊದಲು ನಾನೇ ವಿಡಿಯೋ ಕಾಲ್ ಮಾಡಿ ಮೀಟರನ್ನು ಕ್ಯಾಮೆರಾ ಮುಂದೆ ಹಿಡಿದೆ.

"ಸೊನ್ನೆ ಅಪ್ಪ."

"ಮೀಟರ್ ಸರಿ ಇದೆಯಾ ನೋಡ್ದ್ಯಾ? ಮೊದ್ಲು ಕರೆಂಟ್ ಇರೋ ಕಡೆ ಹಿಡಿದು ತೋರ್ಸು" ಅಂದರು.