ಕಟಕ್ ಅನ್ನಬೇಕು

ಹೊಂಗಡಹಳ್ಳದ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಭತ್ತ ಬೆಳೆಯೋದು ಅರ್ಧ ಕೆಲಸ, ಮುಂದಿನ ಸುಗ್ಗಿಯವರೆಗೆ ಉಳಿಸಿಕೊಳ್ಳೋದು ಇನ್ನರ್ಧ. ಗೋಡೆಯೇ ಬೆವರುವ ಊರಲ್ಲಿ ಕಾಳು ಒಣಗಿರುತ್ತಾ?

ನಮ್ಮನೇಲಿ ಅದು ಅಜ್ಜಿಯ ಖಾತೆ. ಒಣಗಿದ ಭತ್ತದ ಒಂದು ಕಾಳು ಹಲ್ಲಲ್ಲಿ ಕಚ್ಚೋರು. ಕಟಕ್ ಅಂದರೆ ಕಣಜಕ್ಕೆ, ಮೆತ್ತಗಿದ್ದರೆ ಮತ್ತೆ ಬಿಸಿಲಿಗೆ. ಅಜ್ಜನೂ ಎದುರಾಡ್ತಿರಲಿಲ್ಲ. ಬೀಜದ ಭತ್ತಕ್ಕೆ ಲಕ್ಕಿ ಸೊಪ್ಪು. ಕಣಜಕ್ಕೆ ಮೇಲಿಂದ ಸುರಿಯೋದು, ಬುಡದ ಕಂಡಿಯಿಂದ ತೆಗೆಯೋದು. ಹಳೆಯದು ಮೊದಲು ಖರ್ಚಾಗಬೇಕು. ಬಿಇ ಓದುವಾಗ ‘ಕ್ಯೂ’ ಪಾಠ ಬಂದರೆ ನನಗೆ ಕಂಡಿದ್ದು ಅದೇ ಕಂಡಿ. ಗೋದಾಮಿನ ಮೂಟೆ ಅಟ್ಟಿ ಮಾತ್ರ ‘ಸ್ಟ್ಯಾಕ್’. ಕೊನೆಗೆ ಬಂದಿದ್ದು ಮೊದಲು ಹೋಗುತ್ತೆ, ಅಡಿಯದು ಹುಳ ಹಿಡಿಸಿಕೊಂಡು ಕೂತಿರುತ್ತೆ.

ಬಯಲುಸೀಮೆಯವರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಇಡ್ತಿದ್ದರು. ಬಾಯಿ ಮುಚ್ಚಿದರೆ ಒಳಗಿನ ಆಮ್ಲಜನಕ ಕಡಿಮೆಯಾಗಿ ಹುಳ ಸಾಯುತ್ತೆ. ತೆರೆದ ಕೂಡಲೇ ಇಳಿದರೆ ಮನುಷ್ಯನೂ ಸಾಯಬಹುದು. ಅದಕ್ಕೇ ಮೊದಲು ದೀಪ ಇಳಿಸಿ ನೋಡೋರು. ಕ್ಯಾಮರೂನಿನ ಅಲಸಂದೆ ರೈತರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ರೂಪಿಸಿದ ಗಾಳಿಯಾಡದ ಚೀಲದ ಗುಟ್ಟೂ ಇದೇ.

ಈ ದೀಪದ ಪಾಠ ಈಗಿನ ಗೋದಾಮಿಗೆ ಬಂದಿದೆಯಾ? ನಮ್ಮ ಕಡೆಯ ಹುಡುಗನೊಬ್ಬ ಬೆಂಗಳೂರಿನ ಹೊರಗಿನ ಒಂದು ಗೋದಾಮಲ್ಲಿ ಮೂಟೆ ಹೊರುತ್ತಾನೆ. ಒಮ್ಮೆ ಫೋನ್ ಮಾಡಿದ್ದ.

“ಅಣ್ಣ, ಮಾತ್ರೆ ಇಟ್ಟು ಟಾರ್ಪಾಲ್ ಮುಚ್ಚು ಅಂದ್ರು, ಮುಚ್ಚಿದೆ. ಅಲ್ಲೇ ಪಕ್ಕದಲ್ಲಿ ಮಲಗಿದ್ದೆ. ರಾತ್ರಿಯೆಲ್ಲ ತಲೆನೋವು, ವಾಂತಿ.”

“ಏನು ಮಾತ್ರೆ ಅಂತ ಹೇಳ್ಲಿಲ್ವೇನೋ?”

“ಹುಳದ್ದು ಅಂದ್ರು, ಅಷ್ಟೆ.”

ಮೊದಲು ಅವನನ್ನು ಆಸ್ಪತ್ರೆಗೆ ಕಳಿಸಿದೆ. ಆಮೇಲೆ ಹೇಳಿದೆ. ಗೋದಾಮುಗಳಲ್ಲಿ ಬಳಸೋದು ಸಾಮಾನ್ಯವಾಗಿ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನ್ನೋ ವಿಷದ ಅನಿಲ ಬಿಡುತ್ತೆ. ಹೊದಿಕೆ ಬೇಗ ತೆಗೆದರೆ ಮೊಟ್ಟೆ ಉಳಿದು ಹುಳ ಮತ್ತೆ ಹುಟ್ಟುತ್ತೆ. ಸೋರಿದರೆ ಅದನ್ನು ಉಸಿರಾಡೋನು ಹಮಾಲಿ.

ವಿದ್ಯೆ ಇಲ್ಲ ಅಂತಲ್ಲ. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ. ಧಾನ್ಯ ಕೆಡಿಸುವ ಕೀಟಗಳ ಮೇಲೆ ಅಲ್ಲಿ ಸಂಶೋಧನೆ ನಡೆದಿದೆ. ಉತ್ತರ ಪ್ರದೇಶದ ಹಾಪುರದಲ್ಲಿ ಧಾನ್ಯ ಸಂಗ್ರಹಣೆಯ ತರಬೇತಿಗೇ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಆದರೆ ಅದು ಈ ಹುಡುಗನ ತನಕ, ಅವನ ಮಾತಿನಲ್ಲಿ, ‘ಯಾಕೆ’ ಅನ್ನೋದರ ಸಮೇತ ಬರಬೇಕು. ಮೂಟೆಯನ್ನು ಗೋಡೆಯಿಂದ ದೂರ, ಹಲಗೆ ಮೇಲೆ ಇಡು ಅಂದರೆ ಸಾಲದು. ನೆಲದ ತೇವ ಮೂಟೆಗೆ ಹತ್ತುತ್ತೆ ಅಂತ ಗೊತ್ತಿದ್ದವನು, ಯಾರೂ ನೋಡದಿದ್ದಾಗಲೂ ಹಲಗೆ ಹಾಕ್ತಾನೆ.

ಇನ್ನೊಂದೂ ಬೇಕು. ಭತ್ತದ ತೇವ ಶೇ. 14 ದಾಟಿದೆ ಅಂತ ಮೀಟರ್ ತೋರಿಸಬಹುದು. “ಇದು ಒಣಗಿಲ್ಲ ಸಾರ್, ಇಳಿಸಲ್ಲ” ಅನ್ನೋದು ಮನುಷ್ಯನೇ. ಹಾಗಂದವನ ಕೂಲಿ ಅವತ್ತು ಕಡಿತ ಆಗಬಾರದು.